ಅರಮನೆಯ ಕಲ್ಲು, ವಿಧವೆಯ ಕಾಸು

ಕೆಲವು ತಿಂಗಳ ಹಿಂದಿನ ಒಂದು ಭಾನುವಾರ, ಮುಂಜಾನೆಯ ಬಲಿಪೂಜೆ ಮುಗಿಸಿಕೊಂಡು ನಮ್ಮ ಧರ್ಮಕೇಂದ್ರದ ಸುಮಾರು ನಲವತ್ತು ಮಂದಿ ಬಸ್ಸು ಮಾಡಿಕೊಂಡು ಮೈಸೂರಿಗೆ ಹೋಗಿದ್ದೆವು. ಮಕ್ಕಳು, ತಾಯಂದಿರು, ಹಿರಿಯರು ಎಲ್ಲರೂ ಇದ್ದರು. ಬೆಳಿಗ್ಗೆ ಅರಮನೆ, ಮಧ್ಯಾಹ್ನ ಸಂತ ಫಿಲೋಮಿನಾ ದೇವಾಲಯ, ಸಂಜೆ ಅರಮನೆಯ ದೀಪಾಲಂಕಾರ ಎಂಬುದು ಅಂದಿನ ಕಾರ್ಯಕ್ರಮ. ಶಾಲೆಯ ಉಪಾಧ್ಯಾಯನಾಗಿದ್ದ ನಾನು ಅರಮನೆಯನ್ನು ಹಿಂದೆಯೂ ಹಲವು ಬಾರಿ ನೋಡಿದ್ದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಲೆ ಎಣಿಸಿ, ಒಳಗೆ ಕರೆದೊಯ್ದು ಹೊರಗೆ ಕರೆತರುವುದರಲ್ಲೇ ಆ ಭೇಟಿಗಳು ಮುಗಿದುಹೋಗಿದ್ದವು. ಈ ಸಲ ಮಾತ್ರ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಹೊತ್ತು ಒಳಗೆ ಕಾಲಿಟ್ಟೆ.

ಆ ಪ್ರಶ್ನೆ ಹುಟ್ಟಿದ್ದು ನಮ್ಮ ಊರಿನಲ್ಲಿ. ನಮ್ಮ ದೇವಾಲಯ ಹಳೆಯದು, ಚಿಕ್ಕದು. ಮಳೆಗಾಲದಲ್ಲಿ ಬಲಿಪೀಠದ ಪಕ್ಕದಲ್ಲೇ ಬಕೆಟ್ ಇಡಬೇಕಾಗುತ್ತದೆ. ಹಬ್ಬದ ದಿನಗಳಲ್ಲಿ ಅರ್ಧ ಜನ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತಾರೆ. ಹೊಸ ದೇವಾಲಯ ಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ಹೇಗಿರಬೇಕು ಎಂಬಲ್ಲಿ ಮಾತು ಬೆಳೆಯಿತು. ಎತ್ತರದ ಗೋಪುರ, ಅಮೃತಶಿಲೆಯ ನೆಲ, ಬಣ್ಣದ ಗಾಜಿನ ಕಿಟಕಿ ಇವೆಲ್ಲ ಬೇಕೆಂದು ಕೆಲವರು ಹಟ ಹಿಡಿದರು. ಹಣ ಸಾಲದಿದ್ದರೆ, ಬಡ ಮಕ್ಕಳ ಶಾಲಾ ಶುಲ್ಕಕ್ಕೆಂದು ಕೂಡಿಟ್ಟಿರುವ ಸಹಾಯನಿಧಿಯಿಂದ ಸ್ವಲ್ಪ ತೆಗೆದುಕೊಂಡು ಮುಂದೆ ತುಂಬಿಸಿದರಾಯಿತು ಎಂಬ ಸಲಹೆಯೂ ಬಂತು. ಆಗ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತು, “ದೇವರಿಗೆ ಗೋಪುರ ಬೇಕೋ, ನಮ್ಮ ಮಕ್ಕಳು ಓದುವುದು ಬೇಕೋ, ಅದನ್ನು ಮೊದಲು ಹೇಳಿ” ಎಂದು ಕೇಳಿ ಕುಳಿತುಬಿಟ್ಟರು. ಕಟ್ಟಡ ಸಮಿತಿಯಲ್ಲಿದ್ದ ನಾನು ಗೋಪುರದ ಪರ ಮಾತನಾಡಿದವನು. ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಬೇಕೆಂದು ಸೂಚಿಸಿದವನೂ ನಾನೇ. ಆ ತಾಯಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ವೈಭವ ಪಾಪವೇ? ಹಸಿದವರು ಇರುವ ನಾಡಿನಲ್ಲಿ ಸುಂದರವಾದ, ದುಬಾರಿಯಾದ ಕಟ್ಟಡವನ್ನು ಕಟ್ಟುವುದು ನ್ಯಾಯವೇ? ಕಟ್ಟಿಯಾದ ಮೇಲೆ ಅದನ್ನು ನೋಡಿ ಸಂತೋಷಪಡುವುದಾದರೂ ಸರಿಯೇ? ಈ ಪ್ರಶ್ನೆಗಳನ್ನು ವಿಚಾರಿಸಲು ಅರಮನೆಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಮೈಸೂರಿನ ಈಗಿನ ಅರಮನೆ ನಾವು ಭಾವಿಸುವಷ್ಟು ಪುರಾತನವಲ್ಲ. ಅದೇ ಸ್ಥಳದಲ್ಲಿ ಹಿಂದೆ ಮರದ ಅರಮನೆಯೊಂದಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿ ಬಿದ್ದು ಅದು ನಾಶವಾಯಿತು. ಮದುವೆಯ ಸಂಭ್ರಮದ ಮನೆ ಬೂದಿಯಾಯಿತು. ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 1894ರಲ್ಲೇ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಹದಿಮೂರು ವರ್ಷ. ರಾಜಪ್ರತಿನಿಧಿಯಾಗಿ ಆಡಳಿತವನ್ನು ನೋಡಿಕೊಳ್ಳುತ್ತಿದ್ದವರು ವಿಧವೆಯಾದ ತಾಯಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆಯ ವಿನ್ಯಾಸವನ್ನು ಅವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು. ಶಿಮ್ಲಾದ ವೈಸ್‌ರಾಯ್ ನಿವಾಸವನ್ನು ರೂಪಿಸಿದವರು ಇವರೇ. ಕಾಮಗಾರಿಯ ಉಸ್ತುವಾರಿ ಕಾರ್ಯನಿರ್ವಾಹಕ ಇಂಜಿನಿಯರ್ ಬಿ. ಪಿ. ರಾಘವುಲು ನಾಯ್ಡು ಅವರದು. ಹದಿನೈದು ವರ್ಷಗಳ ಕೆಲಸ 1912ರಲ್ಲಿ ಮುಗಿಯಿತು. ಖರ್ಚಾದ ಹಣ 41,47,913 ರೂಪಾಯಿ.

ಒಮ್ಮೆ ಸುಟ್ಟವರು ಮತ್ತೆ ಸುಡದಂತೆ ಕಟ್ಟಿಸಿದರು. ಬೂದುಬಣ್ಣದ ಗ್ರಾನೈಟ್ ಕಲ್ಲಿನ ಮೂರು ಅಂತಸ್ತು, ಅದರ ಮೇಲೆ ಗುಲಾಬಿ ಬಣ್ಣದ ಗುಮ್ಮಟಗಳು, ನಡುವೆ 145 ಅಡಿ ಎತ್ತರದ ಗೋಪುರ. ಹಿಂದೂ, ಮೊಘಲ್, ರಾಜಪೂತ, ಗಾಥಿಕ್ ಶೈಲಿಗಳೆಲ್ಲ ಒಂದರೊಡನೊಂದು ಬೆರೆತ ಈ ರೀತಿಯನ್ನು ಇಂಡೋ-ಸಾರಸೆನಿಕ್ ಎನ್ನುತ್ತಾರೆ. ಒಳಗೆ ಎಂಟು ಮೂಲೆಗಳ ಕಲ್ಯಾಣ ಮಂಟಪವಿದೆ. ಅದರ ಎರಕದ ಕಬ್ಬಿಣದ ಕಂಬಗಳು ಸಮುದ್ರದಾಚೆಯ ಗ್ಲಾಸ್ಗೋ ನಗರದಿಂದ ಬಂದವು. ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳು. ಬಿಸಿಲು ಏರಿದಂತೆಲ್ಲ ಅವುಗಳಿಗೆ ಜೀವ ಬರುತ್ತದೆ. ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ ದೊಡ್ಡ ವರ್ಣಚಿತ್ರಗಳು. ಮಹಡಿಯಲ್ಲಿ ಸಾಲುಸಾಲು ಕಮಾನುಗಳ ದರ್ಬಾರು ಸಭಾಂಗಣ, ಅದರಾಚೆ ಅಂಬಾವಿಲಾಸ, ದಂತದ ಕುಸುರಿಯ ಬೀಟೆಮರದ ಬಾಗಿಲುಗಳು. ನಮ್ಮೊಡನಿದ್ದ ಗದ್ದಲದ ಮಕ್ಕಳು ಕೂಡ ಆ ಗಾಜಿನ ಮಾಡಿನ ಕೆಳಗೆ ತಲೆಯೆತ್ತಿ ನಿಂತು ಒಂದು ಕ್ಷಣ ಮೌನವಾದರು. ಸೌಂದರ್ಯದ ಮುಂದೆ ಮನುಷ್ಯ ಮೌನವಾಗುವುದು ಪಾಪವೆಂದು ಹೇಳಲು ನನಗೆ ನಾಲಗೆ ಬರುವುದಿಲ್ಲ.

ನಮ್ಮ ಜೊತೆಗೆ ಬಂದಿದ್ದ ಹಿರಿಯರೊಬ್ಬರು ಐವತ್ತು ವರ್ಷ ಗಾರೆ ಕೆಲಸ ಮಾಡಿ ಬದುಕಿದವರು. ಅವರು ನವಿಲನ್ನಾಗಲಿ ಸಿಂಹಾಸನದ ಕಥೆಯನ್ನಾಗಲಿ ಹೆಚ್ಚು ಗಮನಿಸಲಿಲ್ಲ. ಹೊರಗಿನ ಕಂಬವೊಂದರ ಬಳಿ ನಿಂತು ಕಲ್ಲುಗಳು ಕೂಡುವ ಜಾಗವನ್ನು ಬೆರಳಿನಿಂದ ಸವರುತ್ತಿದ್ದರು. ನನ್ನನ್ನು ಕರೆದು, “ಮೇಷ್ಟ್ರೇ, ಈ ಸಂದು ನೋಡಿ. ಕಾಗದ ತೂರಿಸೋಕೂ ಜಾಗ ಇಲ್ಲ. ಇದನ್ನ ಯಾರು ಮಾಡಿದ್ದು?” ಎಂದರು. ನಾನು ಇರ್ವಿನ್ ಹೆಸರನ್ನು ಹೇಳಿದೆ. ಅವರು ನಕ್ಕು, “ಅವರು ಬರೆದವರು. ಇಲ್ಲಿ ಕೂತು ಕಡೆದವನು ಯಾರು ಅಂತ ಕೇಳಿದೆ” ಎಂದರು. ಎರಡನೆಯ ಬಾರಿ ನನ್ನಲ್ಲಿ ಉತ್ತರವಿರಲಿಲ್ಲ.

ಅರಮನೆಯ ಮೊತ್ತ ಕೊನೆಯ ರೂಪಾಯಿಯವರೆಗೆ ನಮಗೆ ಗೊತ್ತು. ಕಲ್ಲು ಕಡೆದವನ ಹೆಸರು ಮಾತ್ರ ಅಲ್ಲಿ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಅರಮನೆಗಳಷ್ಟೇ ಅಲ್ಲ, ಕೋಟೆ, ಅಣೆಕಟ್ಟು, ದೇವಾಲಯಗಳ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಆಗ ನನಗೆ ನೆನಪಾದದ್ದು ನಾನೇ ಸೂಚಿಸಿದ ಅಮೃತಶಿಲೆಯ ಫಲಕ. ಅದರಲ್ಲಿ ಹತ್ತು ಸಾವಿರ ಕೊಟ್ಟವರಿದ್ದರು. ಕಲ್ಲು ಹೊರುವವರು ಇರಲಿಲ್ಲ, ಐವತ್ತು ರೂಪಾಯಿ ಕೊಟ್ಟವರೂ ಇರಲಿಲ್ಲ.

ಈ ಅರಮನೆ ಏಳುತ್ತಿದ್ದ ಕಾಲ ಸುಖದ ಕಾಲವಾಗಿರಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಕಂಡವರು ಇನ್ನೂ ಬದುಕಿದ್ದರು. ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಭಾಗವನ್ನು ಆ ಬರ ನುಂಗಿತ್ತು. ಅಡಿಪಾಯದ ಕೆಲಸ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರನ್ನೂ ಬಿಡಲಿಲ್ಲ. ಜನ ಮನೆಮಠ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ದಿನಗಳಲ್ಲಿ ಅರಮನೆಯ ಕಲ್ಲುಗಳು ಒಂದರ ಮೇಲೊಂದು ಏರುತ್ತಿದ್ದವು. ಇದನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ.

ಆದರೆ ನ್ಯಾಯವಾಗಿ ನೋಡಬೇಕಾದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಅರಮನೆ ಸುಟ್ಟ 1897ರಲ್ಲೇ ಅದೇ ಮಹಾರಾಣಿಯವರು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. 1900ರಲ್ಲಿ ಅದರ ಬಾಗಿಲು ರೋಗಿಗಳಿಗೆ ತೆರೆಯಿತು. ಮರುವರ್ಷ, ಅಂದರೆ 1898ರಲ್ಲಿ, ಚಿತ್ರದುರ್ಗದ ಒಣನೆಲದಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾಯಿತು. ಇಂದಿಗೂ ಅದು ವಾಣಿವಿಲಾಸ ಸಾಗರವೆಂಬ ಹೆಸರಿನಿಂದ ನೀರು ಕೊಡುತ್ತಿದೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಒಂದೇ ಖಜಾನೆಯಿಂದ ಅರಮನೆಯೂ ಆಯಿತು, ಆಸ್ಪತ್ರೆಯೂ ಆಯಿತು, ಅಣೆಕಟ್ಟೂ ಆಯಿತು. ಹಾಗೆಂದು ಒಂದು ಇನ್ನೊಂದನ್ನು ತೊಳೆದುಬಿಡುತ್ತದೆಂದು ನಾನು ಹೇಳಲಾರೆ. ಅರಮನೆಯೊಂದನ್ನೇ ನೋಡಿ ತೀರ್ಪು ಕೊಡುವುದು ಅವಸರದ ಮಾತು ಎಂದಷ್ಟೇ ಹೇಳಬಲ್ಲೆ.

ಈ ವಿಷಯದಲ್ಲಿ ಪ್ರವಾದಿ ಯೆರೆಮೀಯನ ಮಾತು ಬಹು ಖಚಿತವಾದುದು. ಆತನ ಗ್ರಂಥದ 22ನೇ ಅಧ್ಯಾಯದಲ್ಲಿ ಅರಸ ಯೆಹೋಯಾಕೀಮನ ಅರಮನೆಯ ಪ್ರಸ್ತಾಪವಿದೆ. ವಿಶಾಲವಾದ ಮಹಡಿ, ದೊಡ್ಡ ಕಿಟಕಿಗಳು, ದೇವದಾರಿನ ಹಲಗೆ, ಕೆಂಪು ಬಣ್ಣ ಎಲ್ಲವನ್ನೂ ಪ್ರವಾದಿ ಒಬ್ಬ ಪ್ರವಾಸಿಯಂತೆ ಸವಿವರವಾಗಿ ಹೇಳುತ್ತಾನೆ. ಆಮೇಲೆ ಶಾಪವನ್ನು ನುಡಿಯುತ್ತಾನೆ. ಶಾಪ ದೇವದಾರಿನ ಮೇಲಲ್ಲ. ನೆರೆಯವನಿಂದ ದುಡಿಸಿಕೊಂಡು ಕೂಲಿ ಕೊಡದೆ ಕಟ್ಟಿಸಿದ್ದರ ಮೇಲೆ. ಅರಸನ ತಂದೆ ಯೋಷೀಯನೂ ಉಂಡು ಕುಡಿದು ಸುಖವಾಗಿಯೇ ಇದ್ದವನು. ಆದರೆ ಅವನು ದೀನದರಿದ್ರರ ವ್ಯಾಜ್ಯವನ್ನು ನ್ಯಾಯವಾಗಿ ತೀರಿಸಿದ. ದೇವರನ್ನು ಅರಿಯುವುದೆಂದರೆ ಅದೇ ಎಂದು ಪ್ರವಾದಿ ಆ ಮಗನಿಗೆ ನೆನಪಿಸುತ್ತಾನೆ. ಹಾಗಾದರೆ ಮೊದಲ ಪ್ರಶ್ನೆ ಮನೆ ಎಷ್ಟು ಎತ್ತರವಾಗಿದೆ ಎಂಬುದಲ್ಲ. ಕಟ್ಟಿದವನಿಗೆ ಕೂಲಿ ಸಂದಿದೆಯೇ, ಕಟ್ಟಿಸಿದವನ ಬಾಗಿಲಲ್ಲಿ ಬಡವನಿಗೆ ನ್ಯಾಯ ಸಿಗುತ್ತಿದೆಯೇ ಎಂಬುದು.

ಅರಮನೆಯಿಂದ ಹೊರಟು ನಾವು ಸಂತ ಫಿಲೋಮಿನಾ ದೇವಾಲಯಕ್ಕೆ ಹೋದೆವು. ಆ ಸ್ಥಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಒಂದು ಚರ್ಚು ನಿರ್ಮಾಣವಾಗಿತ್ತು. ಈಗಿನ ಭವ್ಯ ದೇವಾಲಯಕ್ಕೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿಯವರೇ. ತಾಯಿ ಅರಮನೆ ಕಟ್ಟಿಸುವಾಗ ಹದಿಮೂರರ ಬಾಲಕನಾಗಿದ್ದ ಅದೇ ಅರಸರು, ತಮ್ಮದಲ್ಲದ ಧರ್ಮದ ಗುಡಿಗೆ ಕಲ್ಲು ಇಟ್ಟರು ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಗಾಥಿಕ್ ಶೈಲಿಯ ಆ ದೇವಾಲಯದ ಜೋಡಿ ಗೋಪುರಗಳ ಎತ್ತರ 175 ಅಡಿ.

ಅದನ್ನು ಮಕ್ಕಳಿಗೆ ಹೇಳುತ್ತಿರುವಾಗಲೇ ನನಗೆ ಹೊಳೆಯಿತು: ಅರಮನೆಯ ಗೋಪುರ 145 ಅಡಿ, ನಮ್ಮದು 175! ಬೆಳಗಿನಿಂದ ಅರಸರ ವೈಭವವನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದವನಿಗೆ, ನಮ್ಮ ಗೋಪುರ ಅರಸನ ಗೋಪುರಕ್ಕಿಂತ ಎತ್ತರ ಎಂಬ ಸಂಗತಿ ಸುಮ್ಮನಿರಗೊಡಲಿಲ್ಲ. ಅರಮನೆಗೆ ಕೇಳಿದ ಪ್ರಶ್ನೆಯನ್ನು ದೇವಾಲಯಕ್ಕೆ ಕೇಳದೆ ಬಿಡಬಹುದೇ? ಒಳಗೆ ಹೋಗಿ ಮೊಣಕಾಲೂರಿದೆ. ಪ್ರಾರ್ಥನೆಯ ಬದಲು ಶುಭಸಂದೇಶದ ಒಂದು ದೃಶ್ಯ ಕಣ್ಣಮುಂದೆ ಬಂದು ನಿಂತಿತು.

ಸಂತ ಮಾರ್ಕನ ಶುಭಸಂದೇಶದ 13ನೇ ಅಧ್ಯಾಯದ ಆರಂಭದಲ್ಲಿ ಪ್ರಭು ಯೇಸು ಜೆರುಸಲೇಮಿನ ಮಹಾದೇವಾಲಯದಿಂದ ಹೊರಗೆ ಬರುತ್ತಿದ್ದಾರೆ. ಶಿಷ್ಯನೊಬ್ಬ ಬೆರಗಾಗಿ ಆ ಕಲ್ಲುಗಳನ್ನು, ಆ ಕಟ್ಟಡಗಳನ್ನು ಅವರಿಗೆ ತೋರಿಸುತ್ತಾನೆ. ಗಲಿಲೇಯದ ಹಳ್ಳಿಯವನಿಗೆ ಹೆರೋದನ ಕಾಲದ ಆ ವಾಸ್ತುವೈಭವ ಎಷ್ಟು ದೊಡ್ಡದಾಗಿ ಕಂಡಿರಬೇಕು! ನಾವು ನಲವತ್ತು ಮಂದಿ ಬೆಳಿಗ್ಗೆ ಕಂಡ ಬೆರಗೇ ಅದು. ಕಲ್ಲಿನ ಮೇಲೆ ಕಲ್ಲು ಉಳಿಯದೆಂದು ಪ್ರಭು ಉತ್ತರಿಸಿದರು. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಆ ದೇವಾಲಯವನ್ನು ಸುಟ್ಟು ಕೆಡವಿತು.

ನಾವು ಸಾಮಾನ್ಯವಾಗಿ ಈ ಭಾಗವನ್ನು ಇಲ್ಲಿಂದಲೇ ಓದಲು ಆರಂಭಿಸುತ್ತೇವೆ. ಆದರೆ ಅದಕ್ಕೆ ತುಸು ಮುಂಚೆ, 12ನೇ ಅಧ್ಯಾಯದ ಕೊನೆಯಲ್ಲಿ, ಅದೇ ದೇವಾಲಯದಲ್ಲಿ ಒಬ್ಬ ಬಡ ವಿಧವೆ ಕಾಣಿಕೆಯ ಪೆಟ್ಟಿಗೆಗೆ ಎರಡು ಕಾಸು ಹಾಕುತ್ತಾಳೆ. ಪ್ರಭು ಅದನ್ನು ಕುಳಿತು ನೋಡಿದ್ದಾರೆ, ಶಿಷ್ಯರನ್ನು ಕರೆದು ತೋರಿಸಿದ್ದಾರೆ. ಅವಳು ಕೊಟ್ಟದ್ದು ಅವಳ ಬದುಕಿನ ಆಧಾರವನ್ನೇ. ಅದಕ್ಕೂ ಮುಂಚೆ, ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳ ವಿರುದ್ಧ ಎಚ್ಚರಿಕೆಯ ಮಾತನಾಡಿದ್ದಾರೆ. ಇಷ್ಟಾದ ಮೇಲೆ ಹೊರಗೆ ಬರುವಾಗ ಶಿಷ್ಯರ ಕಣ್ಣು ಮತ್ತೆ ಕಲ್ಲಿನ ಕಡೆಗೇ! ಒಂದೇ ದೇವಾಲಯದಲ್ಲಿ ಗುರು ನೋಡಿದ್ದು ಒಂದು, ಶಿಷ್ಯರು ನೋಡಿದ್ದು ಮತ್ತೊಂದು. ಅವಳ ಎರಡು ಕಾಸು ಆ ಕಲ್ಲುಗಳ ಒಳಗೇ ಸೇರಿಕೊಂಡಿದೆ ಎಂಬುದು ಅವರಿಗೆ ಕಾಣಲಿಲ್ಲ.

ಹಾಗಾದರೆ ಕ್ರೈಸ್ತನಾದವನು ಚೆಲುವಾದುದನ್ನೆಲ್ಲ ತಿರಸ್ಕರಿಸಬೇಕೇ? ಹಾಗೆ ತೀರ್ಮಾನಿಸುವ ಮುನ್ನ 14ನೇ ಅಧ್ಯಾಯವನ್ನೂ ಓದಬೇಕು. ಬೆಥಾನಿಯದಲ್ಲಿ ಒಬ್ಬ ಸ್ತ್ರೀ ಮುನ್ನೂರು ದಿನಗಳ ಕೂಲಿಗೆ ಸಮನಾದ ಸುಗಂಧತೈಲವನ್ನು ಪ್ರಭುವಿನ ತಲೆಯ ಮೇಲೆ ಸುರಿಯುತ್ತಾಳೆ. ಮಾರಿ ಬಡವರಿಗೆ ಕೊಡಬಹುದಾಗಿತ್ತು ಎಂದು ಅಲ್ಲಿದ್ದವರು ಗೊಣಗುತ್ತಾರೆ. ಪ್ರಭು ಮಾತ್ರ ಅವಳು ಮಾಡಿದ್ದು ಸುಂದರವಾದ ಕಾರ್ಯವೆಂದು ಮೆಚ್ಚುತ್ತಾರೆ. ಪ್ರೀತಿ ಲೆಕ್ಕವಿಲ್ಲದೆ ಸುರಿಯುವುದನ್ನು ಅವರು ತಡೆಯಲಿಲ್ಲ. ಆದರೆ ಗಮನಿಸಿ: ಆ ತೈಲ ಅವಳ ಸ್ವಂತದ್ದು. ಬೇರೆ ಯಾರ ಮಕ್ಕಳ ಓದಿನ ಹಣದಿಂದಲೂ ಅವಳು ಅದನ್ನು ಕೊಂಡಿರಲಿಲ್ಲ. ಅದರ ಮೇಲೆ ತನ್ನ ಹೆಸರನ್ನು ಬರೆಸಲೂ ಇಲ್ಲ. ಮಾರ್ಕನ ಬರಹದಲ್ಲಿ ಅವಳ ಹೆಸರೇ ಇಲ್ಲ.

ವಿಧವೆಯ ಕಾಸು, ದೇವಾಲಯದ ಕಲ್ಲು, ಬೆಥಾನಿಯದ ತೈಲ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡಾಗ ನನ್ನ ಪ್ರಶ್ನೆಯ ರೂಪವೇ ಬದಲಾಯಿತು. ವೈಭವ ಪಾಪವೇ ಎಂದು ಕೇಳುವುದಕ್ಕಿಂತ, ಈ ವೈಭವಕ್ಕೆ ಯಾರು ಬೆಲೆ ತೆತ್ತರು, ಮನಸಾರೆ ತೆತ್ತರೋ ಅಥವಾ ಅವರಿಂದ ಕಿತ್ತುಕೊಳ್ಳಲಾಯಿತೋ, ಈಗ ಅದರ ಒಳಗೆ ಯಾರಿಗೆ ಪ್ರವೇಶವಿದೆ ಎಂದು ಕೇಳಬೇಕು. ಅರಮನೆಯ ವಿಷಯದಲ್ಲಿ ಕೊನೆಯ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಟ್ಟಿದೆ. ಬೆಂಕಿಗೆ ಬಗ್ಗದಂತೆ ಕಟ್ಟಿದ ಮನೆ ನಿಂತಿತು. ಆದರೆ ಅದು ಮುಗಿದ ಮೂವತ್ತೈದೇ ವರ್ಷಗಳಲ್ಲಿ, 1947ರಲ್ಲಿ, ರಾಜ್ಯಾಧಿಕಾರ ಜನರ ಕೈಗೆ ಬಂತು. 1971ರ ಸಂವಿಧಾನ ತಿದ್ದುಪಡಿಯಿಂದ ಅರಸರ ಬಿರುದು, ರಾಜಧನಗಳೂ ಹೋದವು. ಇಂದು ದರ್ಬಾರು ಸಭಾಂಗಣದಲ್ಲಿ ಟಿಕೆಟ್ ಕೊಂಡ ಕೂಲಿಕಾರನ ಮಗಳು ನಡೆಯುತ್ತಾಳೆ. ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಾರೆ. ಅಧಿಕಾರಿಯೂ ಬರಿಗಾಲು, ಆಳೂ ಬರಿಗಾಲು. ಕಲ್ಲು ಕಡೆದವನ ಮೊಮ್ಮಕ್ಕಳು ಒಳಗೆ ಬಂದು ತಲೆಯೆತ್ತಿ ನವಿಲನ್ನು ನೋಡುವ ದಿನ ಬಂದದ್ದರಿಂದಲೇ ಆ ಚೆಲುವನ್ನು ನಾವು ಇಂದು ನಿರಾಳವಾಗಿ ಸವಿಯಬಲ್ಲೆವು.

ಇದು ಅರಸರಿಗೂ ಕಟ್ಟಡ ಸಮಿತಿಗಳಿಗೂ ಮಾತ್ರ ಸಂಬಂಧಿಸಿದ ಮಾತಲ್ಲ. ನಮ್ಮಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಶಕ್ತಿಗೆ ತಕ್ಕ ಒಂದು ಅರಮನೆಯನ್ನು ಕಟ್ಟುತ್ತದೆ. ನೆರೆಯವರದ್ದಕ್ಕಿಂತ ಒಂದು ಅಂತಸ್ತು ಹೆಚ್ಚಿರಲಿ ಎಂದು ಸಾಲ ಮಾಡುತ್ತೇವೆ. ಮಗಳ ಮದುವೆಯನ್ನು ಊರೇ ಮಾತನಾಡುವಂತೆ ಮಾಡಿ ಹತ್ತು ವರ್ಷ ಬಡ್ಡಿ ಕಟ್ಟುತ್ತೇವೆ. ಗೃಹಪ್ರವೇಶದ ಊಟಕ್ಕೆ ಲಕ್ಷ ಖರ್ಚು ಮಾಡಿದವರೇ, ಬಣ್ಣ ಬಳಿದವನ ಕೊನೆಯ ಎರಡು ದಿನದ ಕೂಲಿಗೆ ನಾಳೆ ಬಾ ಎನ್ನುವುದನ್ನು ನಾನು ಕಂಡಿದ್ದೇನೆ. ಮನೆ ಚೆನ್ನಾಗಿರಲಿ ಎಂದು ಬಯಸುವುದು ತಪ್ಪಲ್ಲ. ಆ ಚೆಂದದ ಒಳಗೆ ಯಾರದೋ ಕಾಸು ಸಿಕ್ಕಿಕೊಂಡಿದ್ದರೆ ಆ ಮನೆಯ ಆಶೀರ್ವಾದಕ್ಕೆ ಗುರುಗಳನ್ನು ಕರೆಯುವ ಮುನ್ನ ಅದನ್ನು ಹಿಂದಿರುಗಿಸಬೇಕು.

ಸಂಜೆ ಏಳಕ್ಕೆ ಅರಮನೆಯ ಮುಂದಿನ ಬಯಲಿನಲ್ಲಿ ನಿಂತಿದ್ದೆವು. ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಲೇ ಹೊತ್ತಿಕೊಂಡಾಗ ನೆರೆದಿದ್ದ ಜನಸ್ತೋಮದಿಂದ ಒಂದು ಉದ್ಗಾರ ಹೊರಟಿತು. ಪಕ್ಕದಲ್ಲಿದ್ದ ನಮ್ಮ ಗಾರೆ ಕೆಲಸದ ಹಿರಿಯರು ಮಾತ್ರ, “ಈಗ ಸಂದು ಕಾಣಲ್ಲ ಮೇಷ್ಟ್ರೇ, ಬೆಳಿಗ್ಗೆ ನೋಡಿದ್ದೇ ಒಳ್ಳೇದಾಯ್ತು” ಎಂದರು.

ಮುಂದಿನ ಸಭೆಯಲ್ಲಿ ನಾನು ಮೂರು ವಿಷಯಗಳನ್ನು ಮುಂದಿಟ್ಟೆ. ಸಹಾಯನಿಧಿಯ ಒಂದು ರೂಪಾಯಿಯನ್ನೂ ಕಟ್ಟಡಕ್ಕೆ ಮುಟ್ಟಬಾರದು. ಬೇರೆ ಯಾವ ಬಿಲ್ಲು ಉಳಿದರೂ ಸರಿ, ಪ್ರತಿ ಶನಿವಾರ ಸಂಜೆ ಕೆಲಸಗಾರರ ಬಟವಾಡೆ ತಪ್ಪಬಾರದು. ದಾನಿಗಳ ಫಲಕ ಬೇಡ. ಕೊಟ್ಟವರ ಹೆಸರು, ದುಡಿದವರ ಹೆಸರು ಎಲ್ಲವನ್ನೂ ಮೊತ್ತವಿಲ್ಲದೆ ಒಂದೇ ಪುಸ್ತಕದಲ್ಲಿ ಬರೆದು ದೇವಾಲಯದಲ್ಲಿ ಇಡೋಣ. ಮೊದಲ ಎರಡಕ್ಕೆ ಎಲ್ಲರೂ ಒಪ್ಪಿದರು. ಮೂರನೆಯದಕ್ಕೆ ಕೆಲವರು ಮುಖ ಗಂಟಿಕ್ಕಿಕೊಂಡರು. ಅವರನ್ನು ದೂರಲಾರೆ, ಅದು ನಾನೇ ಬಿತ್ತಿದ ಆಸೆ. ಗೋಪುರದ ಎತ್ತರ ಇನ್ನೂ ತೀರ್ಮಾನವಾಗಿಲ್ಲ. ಅದು ಎಷ್ಟಿದ್ದರೂ ಚಿಂತೆಯಿಲ್ಲವೆಂದು ಈಗ ನನಗನ್ನಿಸುತ್ತದೆ. ಅಂದು ಹಿಂದಿನ ಸಾಲಿನಿಂದ ಎದ್ದು ನಿಂತ ತಾಯಿ, ಮಕ್ಕಳ ಕೈ ಹಿಡಿದು ಯಾವ ಸಂಕೋಚವೂ ಇಲ್ಲದೆ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬಲ್ಲ ಮನೆ ಅದಾಗಬೇಕು. ಆಗ ಅದರ ಕಲ್ಲುಗಳನ್ನು ಪ್ರಭುವಿಗೆ ತೋರಿಸಲು ನಮಗೆ ನಾಚಿಕೆಯಾಗದು.